144 ಹರ್ಟ್ಸ್ ಮಾನಿಟರ್ ಇದ್ದರೂ ಗೇಮ್‌ನಲ್ಲಿ ಚಿತ್ರ ಹರಿದಂತೆ ಕಾಣುವುದೇಕೆ?

ಕಾಸರಗೋಡಿನ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ತಮ್ಮ ಹೊಸ ಮಾನಿಟರ್ ತಂದಿದ್ದ. ಕಾರ್ ಗೇಮ್‌ನಲ್ಲಿ ತಿರುವು ಬಂದಾಗಲೆಲ್ಲ ರಸ್ತೆ ಬದಿಯ ಕಂಬ ನಡುವೆ ತುಂಡಾಗಿ, ಮೇಲಿನ ಅರ್ಧ ಒಂದು ಕಡೆ, ಕೆಳಗಿನದ್ದು ಇನ್ನೊಂದು ಕಡೆ! ಮಾನಿಟರ್ ಒಂದು ಫ್ರೇಮ್ (ಒಂದು ಬಿಡಿ ಚಿತ್ರ) ತೋರಿಸಿ ಮುಗಿಸುವ ಮೊದಲೇ ಗ್ರಾಫಿಕ್ಸ್ ಕಾರ್ಡ್ ಮುಂದಿನದ್ದನ್ನು ಕಳಿಸಿದರೆ ಹೀಗಾಗುತ್ತದೆ.

ಮೊದಲು ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ರಿಫ್ರೆಶ್ ರೇಟ್, ಅಂದರೆ ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದನ್ನು ನೋಡಿ. ಎಷ್ಟೋ ಸಲ ಅದು ಸುಮ್ನೆ 60ರಲ್ಲೇ ಕೂತಿರುತ್ತದೆ, 144 ಮಾಡಿ. ಮಾನಿಟರ್‌ನ ವೇಗವನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಹೊಂದಿಸುವ ಫ್ರೀಸಿಂಕ್ ಅಥವಾ ಜಿ-ಸಿಂಕ್ ಇದ್ದರೆ ಆನ್ ಮಾಡಿ, ಫ್ರೇಮ್ ಮಿತಿಯನ್ನು ಸೆಕೆಂಡಿಗೆ 141ಕ್ಕೆ ಇಡಿ. ಫ್ರೇಮ್‌ಗಳು 144 ದಾಟಿದರೆ ಆ ಹೊಂದಾಣಿಕೆ ತಪ್ಪುತ್ತದೆ, ಅದಕ್ಕೇ ಮೂರು ಕಡಿಮೆ. ಎರಡೂ ಇಲ್ಲದಿದ್ದರೆ, ಮಾನಿಟರ್ ಒಂದು ಫ್ರೇಮ್ ಮುಗಿಸುವವರೆಗೆ ಮುಂದಿನದ್ದನ್ನು ಕಾಯಿಸುವ ವಿ-ಸಿಂಕ್ ಇದೆ. ಆದರೆ ಮೌಸ್ ಅಲುಗಾಡಿಸಿದ್ದು ತೆರೆಯ ಮೇಲೆ ಸ್ವಲ್ಪ ತಡವಾಗಿ ಕಾಣುತ್ತದೆ. ಶೂಟಿಂಗ್ ಗೇಮ್‌ಗೆ ನಾನಂತೂ ಅದನ್ನು ಹಾಕುವುದಿಲ್ಲ.