ತೊಡೆಸಂದಿನ ರಕ್ತನಾಳದ ಗೋಡೆಯಲ್ಲಿ ಸಿಸ್ಟ್: ಸೂಜಿ ಹಾಕಿ ತೆಗೆಸಿದರೆ ಸಾಕೇ?

ನಿಮ್ಮ ಪ್ರಶ್ನೆ ಇಷ್ಟು: ಒಂದೇ ಕಾಲು ತೊಡೆಯಿಂದ ಪಾದದವರೆಗೆ ಊದಿದೆ, ನೋವಿಲ್ಲ. ರಕ್ತ ಹೆಪ್ಪುಗಟ್ಟಿದೆ ಎಂದು 3 ತಿಂಗಳು ರಕ್ತ ತೆಳು ಮಾಡುವ ಮಾತ್ರೆ ನುಂಗಿದರೂ ಊತ ಇಳಿದಿಲ್ಲ. ಈಗ ಇನ್ನೊಬ್ಬ ಡಾಕ್ಟರು ಅದು ಹೆಪ್ಪಲ್ಲ, ಅಡ್ವೆಂಟಿಶಿಯಲ್ ಸಿಸ್ಟ್ (ನಾಳದ ಗೋಡೆಯಲ್ಲಿ ಲೋಳೆ ತುಂಬಿದ ಚೀಲ) ಎಂದಿದ್ದಾರೆ. ಸೂಜಿ ಹಾಕಿ ತೆಗೆಸಿದರೆ ಮುಗಿಯುತ್ತದೆಯೇ? ರಕ್ತನಾಳದ ಸರ್ಜನ್ ಆಗಿ ನೇರವಾಗಿ ಹೇಳುವುದಾದರೆ, ಊತ ಇಳಿಯಬಹುದು, ಆದರೆ ಸಿಸ್ಟ್ ಮತ್ತೆ ತುಂಬಿಕೊಳ್ಳುವ ಸಂಭವ ಹೆಚ್ಚು.

ರಕ್ತನಾಳದ ಹೊರಪದರಕ್ಕೆ ಅಡ್ವೆಂಟಿಶಿಯಾ ಎನ್ನುತ್ತಾರೆ. ಅದರಲ್ಲಿ ಲೋಳೆ ತುಂಬಿ ಉಬ್ಬಿದಾಗ ರಕ್ತ ಹರಿಯುವ ದಾರಿ ಪಕ್ಕದಿಂದ ಅಮುಕಿಕೊಳ್ಳುತ್ತದೆ. ಈ ಕಾಯಿಲೆ ಸಾಮಾನ್ಯವಾಗಿ ಬರುವುದು ಮಂಡಿಯ ಹಿಂಭಾಗದ ಅಪಧಮನಿಗೆ. ಅಭಿಧಮನಿಗೆ ಬರುವುದು ತೀರಾ ಅಪರೂಪ, ಬಂದರೆ ಹೆಚ್ಚಾಗಿ ತೊಡೆಸಂದಿನ ಕಾಮನ್ ಫೆಮೊರಲ್ ವೇನ್‌ಗೆ. ಕಾರಣದ ಬಗ್ಗೆ ಹಲವು ವಾದಗಳಿವೆ. ಪಕ್ಕದ ಕೀಲಿನಿಂದ ಸಣ್ಣ ಕೊಳವೆಯ ಮೂಲಕ ದ್ರವ ಗೋಡೆಗೆ ಇಳಿಯುತ್ತದೆ ಎಂಬುದು ನನಗೆ ಹೆಚ್ಚು ಒಪ್ಪಿಗೆಯಾಗುವ ವಾದ. ಚಿಕಿತ್ಸೆಗೂ ಉಪಯೋಗಕ್ಕೆ ಬರುವುದು ಅದೇ.

ಡಾಪ್ಲರ್‌ನಲ್ಲಿ, ಅಂದರೆ ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್‌ನಲ್ಲಿ, ಇದನ್ನು ಹೆಪ್ಪು ಎಂದುಕೊಳ್ಳುವುದು ಸುಲಭ, ಏಕೆಂದರೆ ಎರಡರಲ್ಲೂ ಪ್ರೋಬ್ ಒತ್ತಿದಾಗ ನಾಳ ಪೂರ್ತಿ ಚಪ್ಪಟೆಯಾಗುವುದಿಲ್ಲ. ವ್ಯತ್ಯಾಸ ಕಾಣುವುದು ಅಡ್ಡಸೀಳು ನೋಟದಲ್ಲಿ. ಸಿಸ್ಟ್ ನಯವಾದ ಅಂಚಿನ, ಒಳಗೆ ಹರಿವಿಲ್ಲದ ಕಪ್ಪು ಗುಂಡು. ಅದರ ಪಕ್ಕಕ್ಕೆ ಒತ್ತರಿಸಿದ ನಾಳದಲ್ಲಿ ಅರ್ಧಚಂದ್ರದಷ್ಟು ದಾರಿ ಉಳಿದು, ಅಲ್ಲಿ ಹರಿವನ್ನು ತೋರಿಸುವ ಬಣ್ಣ ತುಂಬುತ್ತದೆ. ಉದ್ದಕ್ಕೆ ನೋಡಿದರೆ ಉಬ್ಬು ಒಂದೇ ಜಾಗದಲ್ಲಿ ಇರುತ್ತದೆ, ಹೆಪ್ಪಿನ ಹಾಗೆ ನಾಳದುದ್ದಕ್ಕೂ ಚಾಚಿರುವುದಿಲ್ಲ. ಮುಂದಿನ ಹೆಜ್ಜೆ ಎಂಆರ್‌ಐ. ದ್ರವವನ್ನು ಬೆಳ್ಳಗೆ ತೋರಿಸುವ ಟಿ2 ಎಂಬ ಬಗೆಯ ಚಿತ್ರದಲ್ಲಿ ಸಿಸ್ಟ್ ಬೆಳ್ಳಗೆ ಹೊಳೆಯುತ್ತದೆ, ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಮದ್ದು) ಕೊಟ್ಟರೂ ಅದರ ಒಳಭಾಗ ಬೆಳಗುವುದಿಲ್ಲ. ಬೆಳಗಿದರೆ ನಾಳದ ಗೋಡೆಯ ಗೆಡ್ಡೆ, ಅದರಲ್ಲೂ ಲಿಯೋಮಯೋಸಾರ್ಕೋಮಾ ಎಂಬ ಕ್ಯಾನ್ಸರ್, ಅಲ್ಲವೆಂದು ಖಚಿತವಾಗುವವರೆಗೆ ಸೂಜಿ ಚುಚ್ಚಿಸಿಕೊಳ್ಳಬೇಡಿ. ಸೊಂಟದ ಕೀಲಿನ ಕಡೆಗೆ ಬಾಲದಂಥ ಎಳೆ ಇದೆಯೇ ಎಂದು ನೋಡುವಂತೆ ರೇಡಿಯಾಲಜಿಸ್ಟ್‌ಗೆ ಮೊದಲೇ ಹೇಳಬೇಕು. ಕೇಳದಿದ್ದರೆ ಆ ಸಾಲು ರಿಪೋರ್ಟಿನಲ್ಲಿ ಬರುವುದು ಕಡಿಮೆ.

ಇನ್ನು ಸೂಜಿಯ ವಿಷಯ. ಒಳಗಿರುವುದು ನೀರಲ್ಲ, ಲೋಳೆಸರದ ತಿರುಳಿನಂಥ ಅಂಟು. ತೆಳು ಸೂಜಿಯಲ್ಲಿ ಅದು ಏರುವುದೇ ಇಲ್ಲ. ಅಲ್ಟ್ರಾಸೌಂಡ್ ನೋಡುತ್ತಾ ದಪ್ಪ ಸೂಜಿ ಹಾಕಿದರೂ ಹಲವು ಕೋಣೆಗಳಿದ್ದರೆ ಒಂದಷ್ಟು ಉಳಿದುಬಿಡುತ್ತದೆ. ಲೋಳೆ ತಯಾರಾಗುವ ಗೋಡೆಯೂ ಕೀಲಿನ ಸಂಪರ್ಕವೂ ಹಾಗೇ ಇರುತ್ತವೆ. ಆಪರೇಷನ್ ತಾಳಿಕೊಳ್ಳಲಾಗದ ಸ್ಥಿತಿಯವರಿಗೆ ಸೂಜಿ ಒಂದು ದಾರಿ, ಅಷ್ಟೆ. ಬಲೂನ್, ಸ್ಟೆಂಟ್ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಒತ್ತಡ ಹೊರಗಿನಿಂದ ಬರುತ್ತಿದೆ. ಬಲೂನ್ ಇಳಿಸಿದ ಕೂಡಲೇ ಸಿಸ್ಟ್ ಮೊದಲಿನಂತೆ ಒತ್ತುತ್ತದೆ, ತೊಡೆಸಂದಿನಲ್ಲಿ ಸ್ಟೆಂಟ್ ಕಾಲು ಮಡಚಿದಾಗಲೆಲ್ಲ ಬಾಗುತ್ತದೆ.

ಆಪರೇಷನ್‌ನಲ್ಲಿ ತೊಡೆಸಂದಿನಲ್ಲಿ ಕೊಯ್ದು, ಸಿಸ್ಟ್‌ನ ಮೇಲೂ ಕೆಳಗೂ ನಾಳವನ್ನು ಹಿಡಿತಕ್ಕೆ ತಂದುಕೊಂಡು, ಹೊರಪದರ ಸೀಳಿ ಲೋಳೆ ತೆಗೆಯುತ್ತಾರೆ. ನಂತರ ಸಿಸ್ಟ್‌ನ ಗೋಡೆಯನ್ನು ಆದಷ್ಟು ಕತ್ತರಿಸಿ ತೆಗೆಯಬೇಕು. ಬರೀ ಸೀಳಿ ಖಾಲಿ ಮಾಡಿದರೆ ಸೂಜಿಗಿಂತ ಹೆಚ್ಚೇನೂ ಮಾಡಿದಂತಾಗುವುದಿಲ್ಲ. ನಾಜೂಕು ಬೇಕಾದ್ದು ಇಲ್ಲೇ: ಅಭಿಧಮನಿಯ ಒಳಪದರ ತೀರಾ ತೆಳು, ಹರಿದರೆ ತೇಪೆಯಂತೆ ಪ್ಯಾಚ್ ಹೊಲಿಯಬೇಕಾಗುತ್ತದೆ. ಕೀಲಿನತ್ತ ಹೋಗುವ ಎಳೆ ಸಿಕ್ಕರೆ ಅದನ್ನು ಕಟ್ಟಿ ಕತ್ತರಿಸುವುದು ಕಡ್ಡಾಯ, ಬಿಟ್ಟರೆ ಸಿಸ್ಟ್ ಮರಳಲು ದಾರಿ ತೆರೆದಿಟ್ಟಂತೆ. ಗೋಡೆ ಪೂರ್ತಿ ಹಾಳಾಗಿದ್ದರೆ ಅಥವಾ ಒಳಗೆ ಹೆಪ್ಪು ಕೂತಿದ್ದರೆ ಮಾತ್ರ ಆ ತುಂಡು ತೆಗೆದು ಬೇರೆ ನಾಳ ಕೂರಿಸುತ್ತಾರೆ. ಅಭಿಧಮನಿಯಲ್ಲಿ ರಕ್ತದ ಒತ್ತಡ ಕಡಿಮೆ, ಹೀಗಾಗಿ ಕೂರಿಸಿದ ನಾಳ ಮುಚ್ಚಿಕೊಳ್ಳುವ ಭಯ ಇದ್ದೇ ಇದೆ. ತೆಗೆದ ಗೋಡೆ ಪೆಥಾಲಜಿಗೆ ಹೋಗಲೇಬೇಕು.

ಆಮೇಲೆ ಗಾಯದಲ್ಲಿ ದುಗ್ಧರಸ (ಲಿಂಫ್ ದ್ರವ) ಸೋರುವುದು, ಹೊಲಿಗೆಯ ಜಾಗದಲ್ಲಿ ಹೆಪ್ಪಾಗುವುದು, ಇವೆರಡರ ಮೇಲೆ ಕಣ್ಣಿಡಬೇಕು. ಕಂಪ್ರೆಷನ್ ಸ್ಟಾಕಿಂಗ್ (ಕಾಲನ್ನು ಬಿಗಿಯಾಗಿ ಹಿಡಿಯುವ ಉದ್ದ ಕಾಲುಚೀಲ) ಹಾಕಿಕೊಳ್ಳಿ. 1, 6, 12 ತಿಂಗಳಿಗೆ ಡಾಪ್ಲರ್ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಸಿಸ್ಟ್ ತಡವಾಗಿಯೂ ಮರಳುವುದುಂಟು.

ಹೆಪ್ಪಲ್ಲ ಎಂದ ಮಾತ್ರಕ್ಕೆ ಈಗಿನ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ. ಅಮುಕಿದ ನಾಳದಲ್ಲಿ ರಕ್ತ ನಿಧಾನವಾಗಿ ನಿಜವಾದ ಹೆಪ್ಪೂ ಸೇರಿಕೊಂಡಿರಬಹುದು, ಎಂಆರ್‌ಐ ನೋಡಿ ಡಾಕ್ಟರು ತೀರ್ಮಾನಿಸಲಿ. ಇದ್ದಕ್ಕಿದ್ದಂತೆ ಉಸಿರುಕಟ್ಟಿದರೆ, ಎದೆ ನೋವು ಬಂದರೆ ತಡಮಾಡದೆ ಎಮರ್ಜೆನ್ಸಿಗೆ ಹೋಗಿ.