'ಬಿಲ್ಲು ಬಂದಿದೆ ಮನೆಗೆ' ಕಳಿಸಿದವರಿಗೆ

ನಮಸ್ಕಾರ. ಕರೆಂಟ್ ಬಿಲ್ಲಿನ ಬಗ್ಗೆ ನೀವು ಬರೆದ ಅಣಕವಾಡು ಎರಡು ಸಲ ಓದಿದೆ. ಭಾಷೆ ಸಲೀಸಾಗಿ ಉಂಟು, ಕಾಗುಣಿತ ತಪ್ಪಿಲ್ಲ, ಸಂತೋಷ. ಆದ್ರೆ ಓದಿ ನಂಗೆ ಸಿಟ್ಟು ಬಂತು, ಅದನ್ನು ಮುಚ್ಚಿಟ್ಟು ಉತ್ತರ ಬರೆಯೋದು ಸರಿಯಲ್ಲ.

ನೀವು ಎತ್ತಿಕೊಂಡದ್ದು ಕವಿ ಕಯ್ಯಾರ ಕಿಞ್ಞಣ್ಣ ರೈಗಳ 'ಬೆಂಕಿ ಬಿದ್ದಿದೆ ಮನೆಗೆ'. 1956ರಲ್ಲಿ ಕನ್ನಡಿಗರಿರುವ ಕಾಸರಗೋಡು ಕೇರಳಕ್ಕೆ ಸೇರಿದ ಸಂಕಟದ ಕೂಗು ಅದು. ಅಣಕಿಸಬಾರದು ಅಂತ ಹೇಳ್ತಾ ಇಲ್ಲ, ಖಂಡಿತ ಅಣಕಿಸಬಹುದು, ಆದ್ರೆ ಅಣಕಕ್ಕೆ ಒಂದು ಗುರಿ ಬೇಕಲ್ಲ ಮಾರಾಯ್ರೆ. ಆ ಆವೇಶ ಈಗ ಬರೀ ನವೆಂಬರ್ ಭಾಷಣದಲ್ಲಿ ಉಳಿದಿದೆ ಅಂತ ಚುಚ್ತೀರಾ, ಚುಚ್ಚಿ. ನೀವು 'ಬೆಂಕಿ' ತೆಗೆದು 'ಬಿಲ್ಲು' ಹಾಕಿದ್ರಿ, ಅಷ್ಟೇ. ಕರೆಂಟ್ ಬಿಲ್ಲಿಗೂ ಆ ಪದ್ಯಕ್ಕೂ ಎಂತ ಸಂಬಂಧ? ಮೂಲ ಗೊತ್ತಿರುವವ ಮೊದಲ ಸಾಲಿಗೆ ನಗ್ತಾನೆ, ಆಮೇಲೆ ಅವನಿಗೆ ಏನೂ ಉಳಿಯೋದಿಲ್ಲ, ಮೂಲ ಗೊತ್ತಿಲ್ಲದ ಹುಡುಗರಿಗೆ ಆ ಮೊದಲ ನಗುವೂ ಇಲ್ಲ.

ಮತ್ತೆ ಲಯ. 'ಬಿಲ್ಲು ಬಂ, ದಿದೆ ಮನೆಗೆ' ಅಂತ ಐದೈದು ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಕಾಲದ ಎಣಿಕೆ), ಮೂಲದ ಹಾಗೇ ಕೂತಿದೆ. ಮೂರನೇ ಸಾಲು 'ವೈಫೈ ಹೋಗಿದೆ ಮನೆಯಲ್ಲಿ'. ವೈಫೈ ಅಂದ್ರೆ ನಾಲ್ಕು ಮಾತ್ರೆ, ಅದರ ಬೆನ್ನಿಗೇ 'ಹೋ' ಎರಡು, ಐದಕ್ಕೆ ಕಡಿಯೋಕೆ ಜಾಗವೇ ಇಲ್ಲ. ಓದುವವರ ಕಿವಿಯಲ್ಲಿ ಮೂಲದ ನಡೆ ಓಡ್ತಾ ಇದ್ರೆ ಮಾತ್ರ ಬದಲಾದ ಶಬ್ದಕ್ಕೆ ನಗು ಬರೋದು.

ನಾನು ಹುಡುಗನಾಗಿದ್ದಾಗ ಕುಂಬಳೆ ಕಡೆಯ ಒಬ್ರು ಹಾಸ್ಯಗಾರರ ಹತ್ರ ಯಕ್ಷಗಾನ ಕಲಿಯೋಕೆ ಹೋಗ್ತಿದ್ದೆ. ಪದ ಹಾಡುವ ಭಾಗವತರನ್ನು ಅಣಕಿಸ್ತೇನೆ ಅಂದದ್ದಕ್ಕೆ ಅವ್ರು ಝಂಪೆ ತಾಳದ ಒಂದು ಪದ ಪೂರ್ತಿ ಕಲಿಸಿದ್ರು, ಝಂಪೆಯದ್ದೂ ಇದೇ ಐದರ ನಡೆ, ತಪ್ಪಿಲ್ಲದೆ ಹೇಳುವವರೆಗೆ ಅಣಕಕ್ಕೆ ಬಿಡ್ಲೇ ಇಲ್ಲ. ಆಮೇಲೆ ರಂಗದಲ್ಲಿ ಬೇಕೂಂತ ಒಂದೇ ಕಡೆ ತಾಳ ಬಿಟ್ಟೆ, ಇಡೀ ಸಭೆ ನಕ್ಕಿತು, ಉಳಿದದ್ದೆಲ್ಲ ಸರಿ ಇದ್ದದ್ದಕ್ಕೇ ಆ ನಗು.

ನಿಮ್ಮಲ್ಲೂ ಅಂಥದ್ದು ಒಂದು ಉಂಟು, ಹನ್ನೊಂದನೇ ಸಾಲು. ಮಲಯಾಳದ ಬಿಲ್ಲನ್ನು ಮೊಮ್ಮಗನ ಕೈಗೆ ಕೊಟ್ಟು ಅಜ್ಜಿ 'ಇದ್ರಲ್ಲಿ ಕನ್ನಡ ಎಲ್ಲುಂಟು' ಅಂತ ಕೇಳ್ತಾರೆ. ಅಲ್ಲಿ ನಿಮ್ಮ ಬಿಲ್ಲಿಗೂ ಕಯ್ಯಾರರ ಬೆಂಕಿಗೂ ನಿಜವಾದ ನಂಟು ಸಿಕ್ಕಿದೆ, ನೀವು ಅದನ್ನು ಅಲ್ಲೇ ಬಿಟ್ಟು ಮಿಕ್ಸಿ ಫ್ರಿಜ್ಜು ಅಂತ ಮುಂದೆ ಹೋದ್ರಿ! ಅಜ್ಜಿಯಿಂದಲೇ ಶುರು ಮಾಡಿ, ವೈಫೈ ಪೂರ್ತಿ ತೆಗೀರಿ, ಕೈಯಲ್ಲಿ ತಾಳ ಹಾಕ್ಕೊಂಡು ಜೋರಾಗಿ ಓದಿ ನೋಡಿ, ಆಮೇಲೆ ಇನ್ನೊಮ್ಮೆ ಕಳಿಸಿ.