ಫುಟ್‌ಬಾಲ್‌ನ ಆಫ್‌ಸೈಡ್ ರೂಲ್ ಬದಲಾಗಿದ್ದು ಮೆಕ್‌ಕ್ರ್ಯಾಕನ್‌ನಿಂದಾನಾ?
"ಒಬ್ಬ ಐರಿಷ್ ಪ್ಲೇಯರ್‌ಗೋಸ್ಕರ ರೂಲೇ ಬದಲಾಯಿಸಿದ್ರಾ" ಅಂತ ಕೇಳಿದ್ರಲ್ಲ, ಮುಕ್ಕಾಲು ಪಾಲು ನಿಜ ಗುರೂ. ಬಿಲ್ ಮೆಕ್‌ಕ್ರ್ಯಾಕನ್ ಬೆಲ್‌ಫಾಸ್ಟ್‌ನವ್ನು, 1904ರಲ್ಲಿ ಡಿಸ್ಟಿಲರಿ ಕ್ಲಬ್ ಬಿಟ್ಟು ಇಂಗ್ಲೆಂಡಿನ ನ್ಯೂಕ್ಯಾಸಲ್ ಕ್ಲಬ್‌ಗೆ ಹೋದ, ಅಲ್ಲಿ 3 ಲೀಗ್ ಟೈಟಲ್ಲು, 1910ರ ಎಫ್ಎ ಕಪ್ಪೂ ಗೆದ್ದ. ಆಗ ಪಾಸ್ ಬರೋವಾಗ ಗೋಲ್ ಹೊಡೆಯೋಕೆ ನಿಂತ ಫಾರ್ವರ್ಡಿಗೂ ಗೋಲ್ ಲೈನಿಗೂ ಮಧ್ಯೆ ಎದುರು ಟೀಮಿನ 3 ಜನ ಇರ್ಬೇಕಿತ್ತು, ಗೋಲ್‌ಕೀಪರ್ ಸೇರಿ, ಇಲ್ಲಾಂದ್ರೆ ಆಫ್‌ಸೈಡ್ ಅಂತ ಆಟ ನಿಲ್ಸೋರು, ಹಂಗಾಗಿ ಫುಲ್‌ಬ್ಯಾಕ್ (ಹಿಂದೆ ನಿಂತು ಗೋಲ್ ಕಾಯೋ ಡಿಫೆಂಡರ್) ಆಗಿದ್ದ ಇವ್ನು ಸರಿಯಾದ ಟೈಮಿಗೆ ನಾಲ್ಕು ಹೆಜ್ಜೆ ಮುಂದೆ ಬಂದ್ರೆ ಸಾಕು, ಫಾರ್ವರ್ಡು ಆಫ್‌ಸೈಡು! ಜನಕ್ಕೆ ಮೈಯೆಲ್ಲಾ ಉರೀತಿತ್ತು. ಬೇರೆ ಟೀಮ್‌ಗಳೂ ಇದನ್ನೇ ಕಲಿತ್ವು, ಅದಕ್ಕೇ ಪೂರ್ತಿ ಇವನೊಬ್ಬನ ತಲೆಗೆ ಕಟ್ಟೋಕಾಗಲ್ಲ. 1925ರಲ್ಲಿ 3 ಹೋಗಿ 2 ಆಯ್ತು, ಫುಟ್‌ಬಾಲ್ ಲೀಗ್‌ನಲ್ಲಿ ಗೋಲುಗಳು ಒಂದೇ ಸೀಸನ್‌ಗೆ 4700ರಿಂದ 6373ಕ್ಕೆ ಹಾರಿದ್ವು. ತಮಾಷೆ ಅಂದ್ರೆ ಅಷ್ಟೊತ್ತಿಗೆ ಪುಣ್ಯಾತ್ಮ ಆಟ ಬಿಟ್ಟು ಹಲ್ ಸಿಟಿ ಕ್ಲಬ್‌ಗೆ ಮ್ಯಾನೇಜರ್ ಆಗಿದ್ದ, 1923ರಲ್ಲೇ.